ಖಾಲಿ ಕಾಲಂ

ಪತ್ರ ಬಂತು. ಹಿಂದಿಯಲ್ಲೊಂದು ಪ್ರತಿ, ಇಂಗ್ಲಿಷಿನಲ್ಲೊಂದು.
ಹೊಸಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ
ಕಿವಿಗೆ ಬೀಳುವ ಯಾವ ಭಾಷೆಯಲ್ಲೂ ಇರಲಿಲ್ಲ ಅದು.
ನಲವತ್ತೊಂದನೇ ನಿಮಿಷದಿಂದ
ಒಂದು ನಿಮಿಷ ಐವತ್ತಮೂರು ಸೆಕೆಂಡು
ತೆಗೆಯತಕ್ಕದ್ದು.
ಕಾರಣದ ಜಾಗದಲ್ಲಿ ಒಂದು ಕಲಮಿನ ನಂಬರು.

ಕ್ಯಾಮೆರಾ ಹಿಡಿದವನು ನೌಶಾದ್. ನಾನು ಕೆಳಗಿನ ಅಕ್ಷರದವಳು,
ತುಳುವಿನ ಮಾತಿಗೆ ಕನ್ನಡದ ಸಾಲು ಕೂರಿಸಿದವಳು.
ಆ ತುಂಡು ನನಗೆ ಬಾಯಿಪಾಠ:
ಐತಪ್ಪಣ್ಣ ಕೆಮ್ಮುತ್ತಾರೆ, ನೀರು ಕುಡಿಯುತ್ತಾರೆ,
ಎಮರ್ಜೆನ್ಸಿಯ ಕಾಲಕ್ಕೆ ಹೋಗುತ್ತಾರೆ.

ಬೀಡಿ ಕಟ್ಟುವ ನಲವತ್ತು ಜನಕ್ಕೆ
ಪೇಪರು ಓದಿ ಹೇಳುವ ಕೆಲಸ ಅವರದು.
ಕೈಗಳಿಗೆ ಬಿಡುವಿಲ್ಲ, ಕಿವಿಗಳು ಖಾಲಿ.
ಓದುವವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಬೇಕು,
ಅದು ತಡ್ಪೆಯ ಕಾನೂನು.
ಒಂದು ದಿನ ಪೇಪರಿನ ನಡುವೆ ಬೆಳ್ಳಗೆ ಒಂದು ಕಾಲಂ,
ಆಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ.
ಬಿಟ್ಟು ಮುಂದೆ ಹೋಗಬಹುದಿತ್ತು.
ಹೋಗಲಿಲ್ಲ. ಅಷ್ಟುದ್ದದ ಸುದ್ದಿಗೆ ಎಷ್ಟು ಹೊತ್ತು ಬೇಕೋ
ಅಷ್ಟು ಹೊತ್ತು
ಇಲ್ಲದ ಸಾಲಿನಿಂದ ಇಲ್ಲದ ಸಾಲಿಗೆ ಬೆರಳು ಇಳಿಸುತ್ತಾ
ಸುಮ್ಮನೆ ಓದಿದರು.
ನಾಲ್ಕನೇ ದಿನ ಪೊಲೀಸರು ಬಂದರು.
'ಏನು ಓದಿದೆ?'
'ಇದ್ದದ್ದನ್ನೇ, ಸ್ವಾಮಿ.'
ಹನ್ನೊಂದು ದಿನ ಒಳಗೆ.
ಬೆನ್ನಿನ ಸಂಗತಿ ಅವರು ಹೇಳುವುದಿಲ್ಲ. ನೌಶಾದ್ ಕೇಳುವುದಿಲ್ಲ.
ಅಂಗಿ ಮಾತ್ರ ಒಮ್ಮೆ ಸರಿಮಾಡಿಕೊಳ್ಳುತ್ತಾರೆ.

ಉಪ್ಪಳದ ವಾಚನಾಲಯದಲ್ಲಿ ತೋರಿಸಿದೆವು.
ಪ್ರೊಜೆಕ್ಟರು ಮದುವೆ ಸ್ಟುಡಿಯೋದ್ದು, ಬಾಡಿಗೆ.
ಬಾಗಿಲಲ್ಲಿ ಮಫ್ತಿಯ ಇಬ್ಬರು; ಚಾ ಕೊಟ್ಟೆವು, ಕುಡಿದರು.
ತೆಗೆಯಿರಿ ಎಂದಿದ್ದರು, ತೆಗೆದಿದ್ದೆವು.
ಅಂಟಿಸಿರಿ ಎಂದು ಎಲ್ಲೂ ಬರೆದಿರಲಿಲ್ಲ.

ನಲವತ್ತೊಂದನೇ ನಿಮಿಷಕ್ಕೆ ಪರದೆ ಕಪ್ಪಾಯಿತು.
'ಕರೆಂಟು ಹೋಯ್ತಾ?' ಹಿಂದಿನಿಂದ ಯಾರೋ.
'ಶ್,' ಎಂದರು ಬೀಫಾತುಮ್ಮ,
'ಐತಪ್ಪ ಓದ್ತಾ ಇದ್ದಾನೆ.'

ಆಮೇಲೆ ಮುಂದಿನ ಬೆಂಚಿನಿಂದ ಒಂದು ಸಣ್ಣ ಸದ್ದು.
ಎಲೆಯಿಲ್ಲದೆ, ಹೊಗೆಸೊಪ್ಪಿಲ್ಲದೆ, ನೂಲಿಲ್ಲದೆ
ಚರ್ಮಕ್ಕೆ ಚರ್ಮ ಉಜ್ಜುವ ಸದ್ದು:
ಮುದುಕಿಯರ ಹೆಬ್ಬೆರಳು, ತೋರುಬೆರಳು
ಕತ್ತಲಲ್ಲಿ ಸುರುಳಿ ಸುತ್ತುತ್ತಿದ್ದವು.

ಮಫ್ತಿಯವನು ವಾಚು ನೋಡಿಕೊಂಡ. ಪುಸ್ತಕ ತೆಗೆದ.
ಪೆನ್ನಿನ ತುದಿ ಹಾಳೆಯ ಮೇಲೆ ನಿಂತೇ ಇತ್ತು.

ಕೊನೆಯ ಬಸ್ಸಿಗೆ ಓಡುವಾಗ ಲೀಲಕ್ಕ ನನಗೆ ಲೆಕ್ಕ ಒಪ್ಪಿಸಿದರು:
'ನಾಲ್ಕು ಬೀಡಿ. ಈಗ ಕೈ ನಿಧಾನ.
ಅವನ ಪಾಲಿಗೆ ಬರೆದುಕೋ.'