ಅರ್ಥಿಂಗ್

ವೆಂಕಟಮುನಿ ಕೆಲಸ ಮುಗಿಸಿ ಹೋದ ಸಂಜೆ
ಬಚ್ಚಲ ಸ್ವಿಚ್ಚು ಒತ್ತಿದರೆ
ಅಡುಗೆಮನೆಯ ಫ್ಯಾನು ತಿರುಗಿತು.
ನಕ್ಕೆವು. ಮನೆಗೆ ಕಿವಿ ಮಂದವಾಗಿದೆ,
ಒಬ್ಬರನ್ನು ಕೂಗಿದರೆ ಇನ್ನೊಬ್ಬರು ಓ ಅಂತಾರೆ
ಎಂದರು ಅತ್ತೆ.

ಮೂರನೇ ದಿನ ಗೀಸರ್ ಹಾಕಿದರೆ
ಕಾಲಿಂಗ್ ಬೆಲ್ಲು ತಾನೇ ಹೊಡೆದುಕೊಂಡಿತು.
ಬಾಗಿಲು ತೆಗೆದರೆ ಯಾರೂ ಇಲ್ಲ:
ಮೂಡಲಪಾಳ್ಯದ ಏಳನೇ ಕ್ರಾಸು, ಒಂದು ನಾಯಿ,
ನೀರಿನ ಕ್ಯಾನಿನ ಆಟೋ.

ಆಮೇಲೆ ನಲ್ಲಿ.
ಮುಟ್ಟಿದರೆ ಮೊಣಕೈವರೆಗೂ ಜುಂ,
ಚರ್ಮದ ಒಳಗೇ ಇರುವೆ ಸಾಲು ಹತ್ತಿದ ಹಾಗೆ.
ಹಂಸಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡೇ ಮುಖ ತೊಳೆಯಲು ಕಲಿಸಿದೆ.
ಹಾಲಿನ ಲೆಕ್ಕದ ಚೀಟಿ ಹರಿದು ಸ್ವಿಚ್ಚುಗಳಿಗೆ ಅಂಟಿಸಿದೆ:
ಇದು ಬಚ್ಚಲಲ್ಲ.
ಇದು ಫ್ಯಾನು, ಆದರೆ ಒಳಗಿನದು.
ಇದನ್ನು ಮುಟ್ಟಬೇಡ.

ಫೋನು ಮಾಡಿದರೆ ದೇವರ ಸ್ತುತಿ,
ಪೂರ್ತಿ ಒಂದು ಚರಣ ಕೇಳಿಸಿ ಕಟ್ಟು.
ಒಮ್ಮೆ ಎತ್ತಿದ. "ನಾಯಂಡಹಳ್ಳಿ ಸೈಟಲ್ಲಿದೀನಿ ಅಕ್ಕ, ನಾಳೆ."
ಆ ನಾಳೆಗೆ ಇಪ್ಪತ್ತಮೂರು ದಿನ.
ಇನ್ನೊಮ್ಮೆ ಅವನ ಹೆಂಡತಿ: "ಮಲಗವ್ರೆ."
ಹಗಲು ಹನ್ನೊಂದಕ್ಕೆ.
ಬಯ್ದೆ. ಬಯ್ಯುವಾಗ ಮಿಷನ್ನು ನಿಲ್ಲಿಸಿರಲಿಲ್ಲ,
ಯಾರದೋ ನಿಶ್ಚಿತಾರ್ಥದ ಸೀರೆ, ಫಾಲ್ಸು ಸೊಟ್ಟಗೆ ಹೋಯಿತು.
ಬಿಚ್ಚಿ ಮತ್ತೆ ಹೊಲಿದೆ. ಅದಕ್ಕೆ ದುಡ್ಡು ಕೇಳಲಾಗುತ್ತದೆಯೇ?

ಒಂದು ರಾತ್ರಿ ಅತ್ತೆ ಬಚ್ಚಲಲ್ಲಿ ಕೂಗಿಕೊಂಡರು.
ಬಿದ್ದಿರಲಿಲ್ಲ. ನಲ್ಲಿಗೆ ಹಿಡಿದ ತಾಮ್ರದ ತಂಬಿಗೆ
ಕೈಯಿಂದ ಹಾರಿ ಬಿದ್ದಿತ್ತು.
ಬಹಳ ಹೊತ್ತು ಕೈಯನ್ನೇ ನೋಡುತ್ತಾ ಕೂತರು,
ಬೇರೆ ಯಾರದೋ ಎಂಬಂತೆ.
ಮೇನ್ ಇಳಿಸಿದೆ. ಮನೆ ಪೂರ್ತಿ ಕತ್ತಲು,
ಸೊಳ್ಳೆಗಳಿಗೆ ಮಾತ್ರ ದಾರಿ ಗೊತ್ತಿತ್ತು.

ಬೆಳಿಗ್ಗೆ ಸಂಪಂಗಿ ಬಂದರು. ಅರವತ್ತು ದಾಟಿದವರು,
ದಾರ ಕಟ್ಟಿದ ಕನ್ನಡಕ, ಜೇಬಲ್ಲಿ ಟೆಸ್ಟರು.
ಬೋರ್ಡು ಬಿಚ್ಚಿ "ಥೂ" ಅಂದರು, ಮೆಲ್ಲಗೆ,
ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ.
ಎರಡು ಬೆರಳಲ್ಲಿ ಎಳೆದು ತೋರಿಸಿದರು:
ಹಸಿರು ವೈರು, ಗೇಣುದ್ದ,
ತುದಿ ಮಡಚಿ ಕಪ್ಪು ಟೇಪು ಸುತ್ತಿ
ಗೋಡೆಯೊಳಗೆ ಮಲಗಿಸಿಟ್ಟದ್ದು.
ಎಲ್ಲಿಂದಲೂ ಬಂದಿರಲಿಲ್ಲ, ಎಲ್ಲಿಗೂ ಹೋಗುತ್ತಿರಲಿಲ್ಲ.
"ಅರ್ಥೇ ಇಲ್ಲಮ್ಮ ಇದ್ರಲ್ಲಿ."
ನನಗೆ ಎರಡು ಸಲ ಕೇಳಿಸಿತು.
"ವೈರಿನ ದುಡ್ಡು. ಆರುನೂರು ಉಳಿಸ್ಕೊಂಡವ್ನೆ, ಅಷ್ಟೆ."

ಆರುನೂರು.
ಗೇಟಿನ ಹತ್ತಿರ ನಿಂತು, ನಾನೇ,
ಈರುಳ್ಳಿ ಗಾಡಿಯವನೊಡನೆ ಆಡುವ ದನಿಯಲ್ಲಿ:
ಆರುನೂರು ಕಡಿಮೆ ಮಾಡ್ಕೋ, ನಾವೇನು ಹೊಸಬರಾ.
ಅವನು ತಲೆ ಕೆರೆದುಕೊಂಡ. ಗೋಡೆ ನೋಡಿದ.
"ಆಯ್ತಕ್ಕ, ಅಡ್ಜಸ್ಟ್ ಮಾಡ್ತೀನಿ."
ಎಲ್ಲಿ ಅಂತ ನಾನು ಕೇಳಲಿಲ್ಲ.
ಗೆದ್ದ ಖುಷಿಗೆ ಟೀ ಕೂಡ ಕೊಟ್ಟಿದ್ದೆ, ಸಕ್ಕರೆ ಜಾಸ್ತಿ ಹಾಕಿ.

ಇದರಿಂದ ಅವನ ತಪ್ಪೇನೂ ಸಣ್ಣದಾಗುವುದಿಲ್ಲ.
ಸಿಕ್ಕಲಿ, ನಡುರಸ್ತೆಯಲ್ಲೇ ಹಿಡಿದು ಕೇಳುತ್ತೇನೆ,
ಅಂದುಕೊಳ್ಳುತ್ತೇನೆ. ಕೇಳಬೇಕಾದ ಮಾತು
ಗೇಣುದ್ದ ಬಂದು
ತುದಿ ಮಡಚಿಕೊಳ್ಳುತ್ತದೆ.

ಸಂಪಂಗಿ ಕಾಂಪೌಂಡಿನ ಮೂಲೆಯ ಹಳೇ ಗುಂಡಿ ಬಗೆದು
ಉಪ್ಪು, ಇದ್ದಿಲು ತುಂಬಿದರು.
"ವಾರಕ್ಕೊಮ್ಮೆ ನೀರು ಹಾಕಿ, ಮಣ್ಣು ಒಣಗಬಾರದು."
ಕೇಳಿದಷ್ಟು ಕೊಟ್ಟೆ.
ಚೌಕಾಸಿ ಬಾಯಿವರೆಗೂ ಬಂದಿತ್ತು, ನುಂಗಿದೆ.

ಈಗ ಬಚ್ಚಲ ಸ್ವಿಚ್ಚು ಬಚ್ಚಲದ್ದೇ.
ಆದರೂ ಕತ್ತಲಲ್ಲಿ ಕೈ ಹಳೆಯ ತಪ್ಪಿಗೇ ಹೋಗುತ್ತದೆ,
ಫ್ಯಾನು ತಿರುಗುತ್ತದೆ, ಯಾರಿಗೂ ಬೇಡದ ಗಾಳಿ.
ಹಂಸಿ ಇನ್ನೂ ಚಪ್ಪಲಿ ಬಿಟ್ಟಿಲ್ಲ.
ಭಾನುವಾರ ಅತ್ತೆ ಅದೇ ತಾಮ್ರದ ತಂಬಿಗೆಯಲ್ಲಿ ನೀರು ತಂದು
ಗಿಡವಿಲ್ಲದ ಮೂಲೆಗೆ ಹೊಯ್ಯುತ್ತಾರೆ.
"ಏನಜ್ಜಿ ನೆಟ್ಟಿದೀರಾ?" ಎಂದರು ಎದುರು ಮನೆಯವರು.
"ಕರೆಂಟು" ಎಂದರು.