ಹದಿನಾರು ಪುಟ

ರಟ್ಟಿನ ಡಬ್ಬಿಗಳು ಒಟ್ಟು ಹನ್ನೊಂದು.
ಬಿಷ್ಕೆಕ್ಕಿನ ಮುದ್ರಣಾಲಯದ ಹಿಂಬಾಗಿಲಲ್ಲಿ ರಾತ್ರಿ ಹತ್ತಕ್ಕೆ
ನನ್ನ ವ್ಯಾನು ಹತ್ತಿದವು, ಇನ್ನೂ ಬೆಚ್ಚಗೆ,
ತಂದೂರಿನ ಗೋಡೆಯಿಂದ ಆಗಷ್ಟೇ ಬಿಡಿಸಿದ ರೊಟ್ಟಿಯ ಹಾಗೆ.
ಅಂಟಿನ ಘಾಟಿಗೆ ಕಿಟಕಿ ಇಳಿಸಿದೆ.
ದೊಲೊನ್ ಘಟ್ಟದ ನೆತ್ತಿಯಲ್ಲಿ ಆಗಸ್ಟಿನಲ್ಲೂ ಚಳಿ;
ಮತ್ತೆ ಏರಿಸಿದೆ.

ನಾನು ಓದುವ ಆಸಾಮಿಯಲ್ಲ. ತೂಕ ಬಲ್ಲೆ.
ವಿದ್ಯಾರ್ಥಿಗಳ ಡಬ್ಬಿ ಕಲ್ಲು: ಭೌತಶಾಸ್ತ್ರ, ಬೀಜಗಣಿತ,
ಪರೀಕ್ಷೆಯ ಹಿಂದಿನ ರಾತ್ರಿ ಎದೆಯ ಮೇಲೆ ಕೂರುವಂಥದ್ದು.
ಮಕ್ಕಳದ್ದು ಹಗುರ, ಆದರೆ ಜಾಗ ತಿನ್ನುತ್ತದೆ,
ಮಕ್ಕಳ ಹಾಗೇ.
ದೊಡ್ಡವರಿಗೆ ಒಂದೇ ಡಬ್ಬಿ.
“ದೊಡ್ಡವರು ಈಗ ಎಲ್ಲಿ ಓದುತ್ತಾರೆ?” ಎಂದಿದ್ದ ಲೋಡು ಹೊತ್ತ ಹುಡುಗ.
ದೇಶ ಸುತ್ತು, ಕೋಶ ಓದು ಅನ್ನುತ್ತಾರಲ್ಲ,
ಮೊದಲರ್ಧ ಮಾತ್ರ ನನ್ನ ಪಾಲಿಗೆ ಬಂತು.

ನರೀನ್ ಮುಟ್ಟಿದಾಗ ಬೆಳಗಿನ ಐದು.
ಬುರುಲ್ ಅಕ್ಕ ಅಂಗಡಿಯ ಮೆಟ್ಟಿಲ ಮೇಲೆ ಕಾದಿದ್ದಳು,
ಕೈಯಲ್ಲಿ ಕತ್ತರಿ, ಸೂಲಗಿತ್ತಿಯಂತೆ.

ಒಂಬತ್ತಕ್ಕೆ ಜನ ಬಂದರು. ಜನವೆಂದರೆ ಏಳು ಜನ.
ವಿದ್ಯುತ್ ಕಚೇರಿಯ ಲೆಕ್ಕಿಗ ಶಾರ್ಶೆನ್
ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದ.
ದೊಡ್ಡವರ ಡಬ್ಬಿಯ ಅರ್ಧ ಅವನ ಪದ್ಯಗಳೇ.
ಅಚ್ಚಿನ ಖರ್ಚಿಗೆ ಕುದುರೆ ಮಾರಿದ್ದನಂತೆ.
ಪುಸ್ತಕ ತೆರೆಯಲಿಲ್ಲ, ಬೆನ್ನು ಸವರಿದ,
ಇನ್ನೂ ಅದೇ ಕುದುರೆಯದು ಎಂಬಂತೆ.

ಸಾಯ್ಕಾಲ್, ಎಂಟು ವರ್ಷ, ಮುಂಬದಿಯ ಎರಡು ಹಲ್ಲಿಲ್ಲ,
ಮರಿಗುದುರೆಯ ಕಥೆ ಹಿಡಿದು ನೆಲಕ್ಕೆ ಕೂತಳು.
ಮರಿಗುದುರೆ ಹೊಳೆಗಿಳಿಯಿತು. ನೀರು ಮೊಣಕಾಲಿಗೆ,
ನೀರು ಹೊಟ್ಟೆಗೆ, ನೀರು ಕಿವಿಗೆ,
ಪುಟ ತಿರುವಿದರೆ
“ಇಪ್ಪತ್ತು ಕಿಲೊ ತೂಕದ ವಸ್ತುವೊಂದು ಇಳಿಜಾರಿನಲ್ಲಿ ಜಾರುತ್ತಿದೆ.
ಘರ್ಷಣೆಯನ್ನು ಕಡೆಗಣಿಸಿ.”
ಬಣ್ಣವಿಲ್ಲ. ಬರೀ ಬಾಣಗಳು. ಹದಿನಾರು ಪುಟ ಹೀಗೇ.
ಆಮೇಲೆ ಮತ್ತೆ ಬಣ್ಣ: ಆಚೆ ದಡ, ತಾಯಿ, ಹುಲ್ಲು.

“ದಾಟಿದ್ದು ಹೇಗೆ?”
ನನ್ನನ್ನೇ ಕೇಳಿದಳು, ಡಬ್ಬಿ ತಂದವನು ನಾನಲ್ಲವೇ.

ಬುರುಲ್ ಅಕ್ಕ ಬೈದಳು: ಅಚ್ಚಿನವನನ್ನು, ಹೊಲಿಗೆಯವನನ್ನು,
ಕೈಗೆ ಸಿಕ್ಕ ನನ್ನನ್ನು.
ಎಲ್ಲ ಕಟ್ಟು, ವಾಪಸ್ ಒಯ್ಯಿ ಎಂದಳು.
ಮೂಲೆಯಲ್ಲಿ ಕುಬಾತ್ ಕೆಮ್ಮಿದ. ಹನ್ನೊಂದನೇ ತರಗತಿ,
ಮೀಸೆ ಬರಲೋ ಬೇಡವೋ ಎಂಬ ವಯಸ್ಸು.
“ಅಕ್ಕಾ, ನನ್ನ ಭೌತಶಾಸ್ತ್ರದಲ್ಲಿ ಒಂದು ಕುದುರೆ ಈಜುತ್ತಿದೆ.”

ಅವನ ಪುಸ್ತಕದಿಂದ ಅವಳು ಓದಿದಳು, ಜೋರಾಗಿ,
ಹಲ್ಲಿಲ್ಲದ ಕಡೆ ಅಕ್ಷರ ಜಾರುತ್ತಾ.
ಒಂದು ಮುದಿ ಮೀನು, ಒಂದು ಕೊಚ್ಚಿಬಂದ ಸೇತುವೆಯ ಹಲಗೆ,
ಹದಿನಾರು ಪುಟದ ತನಕ ಹೊಳೆ.
ರೊಟ್ಟಿ ಕೊಳ್ಳಲು ಹೊರಟಿದ್ದ ಹೆಂಗಸೊಬ್ಬಳು ಒಳಗೆ ಬಂದು ನಿಂತಳು.
ಶಾರ್ಶೆನ್ ತನ್ನ ಪುಸ್ತಕ ಕಂಕುಳಲ್ಲಿಟ್ಟು ಕೇಳಿದ.
ಕುದುರೆ ದಾಟಿತು.
ಬಳಿಕ ಅವಳ ಪುಸ್ತಕ ಮಡಿಲಿಗೆ ಎಳೆದುಕೊಂಡು
ಕುಬಾತ್ ಇಳಿಜಾರಿನ ಲೆಕ್ಕ ಮಾಡಿದ, ಪೆನ್ಸಿಲಿನಲ್ಲಿ, ಮೆಲ್ಲಗೆ.
“ಅಳಿಸಬೇಡ,” ಎಂದಳು ಅವಳು.

ಡಬ್ಬಿಗಳನ್ನು ಕಟ್ಟಿದೆ. ಎರಡು ಪ್ರತಿ ಕಡಿಮೆ ಇದ್ದವು.
ನಾನು ಎಣಿಸಿದೆ, ಅಕ್ಕ ಎಣಿಸಲಿಲ್ಲ.

ಶಾರ್ಶೆನನದೊಂದು ಪ್ರತಿ ನಾನೂ ಕೊಂಡೆ,
ಬೇರೆ ಯಾರೂ ಕೊಳ್ಳುತ್ತಿರಲಿಲ್ಲವಲ್ಲ, ಅದಕ್ಕೆ.
ಘಟ್ಟ ಏರುವಾಗ ಗೇರಿನ ಜೊತೆ ಗುದ್ದಾಡುತ್ತಾ ಅಂದುಕೊಂಡೆ:
ಘರ್ಷಣೆಯನ್ನು ಕಡೆಗಣಿಸಿ ಎಂದವನು
ಈ ರಸ್ತೆಗೆ ಬಂದಿಲ್ಲ.
ನೆತ್ತಿಯಲ್ಲಿ ಎಂಜಿನ್ನು ಆರಲೆಂದು ನಿಲ್ಲಿಸಿ
ಮೊದಲು ಪುಟ ಎಣಿಸಿದೆ. ಎಲ್ಲ ಇದ್ದವು.
ಒಂದು ಪದ್ಯ ಓದಿದೆ. ಕುದುರೆಯದಿರಬಹುದು ಅಂದುಕೊಂಡಿದ್ದೆ,
ಅಲ್ಲ, ವಿದ್ಯುತ್ ಮೀಟರಿನದು:
ಮಂಜಿನ ರಾತ್ರಿ ಊರೆಲ್ಲ ಮಲಗಿದಾಗ
ಯಾರದೋ ಒಂದು ಮನೆಯಲ್ಲಿ ಚಕ್ರ ತಿರುಗುತ್ತದೆ,
ಯಾರೋ ದೀಪ ಹಚ್ಚಿದ್ದಾರೆ, ಯಾಕೆ?
ಇನ್ನೊಂದು ನೋಡೋಣ ಅನ್ನುವಷ್ಟರಲ್ಲಿ
ಹಿಂದಿನ ಲಾರಿಯವನು ಹಾರ್ನ್ ಹೊಡೆದ.
ಪುಟಕ್ಕೆ ಗುರುತಾಗಿ ಟೋಲ್ ಚೀಟಿ ಇಟ್ಟೆ.