ಬಾಬಿನ್ ದಾರ

ಕೌಲ್ ಬಜಾರಿನ ನಮ್ಮ ಯೂನಿಟ್ಟಿಗೆ
ಸಿಸ್ಟರ್ ಎಸ್ತೇರಮ್ಮ ಮೂರನೇ ಸಲ ಬಂದಾಗ
ನೀಲಿ ಡಬ್ಬಿಯೊಳಗೆ ಐಸಿತ್ತು, ಐಸಿನೊಳಗೆ
ಬೇರೆ ಬಾಟಲಿ.
ಮುಚ್ಚಳದ ಬಣ್ಣ ಬದಲಾಗಿದ್ದು ಮೊದಲು ಕಂಡಿದ್ದು
ಗುಂಡಿ ಹಚ್ಚುವ ರಸೂಲ್‌ಬೀಗೆ.

"ಎರಡು ಸಲ ಆ ಕಂಪನಿದು. ಈಗ ಇದ್ಯಾವುದು?
ಒಂದೇ ಮೈಯಾಗ ಎರಡು ಕೂಡ್ತಾವೇನು?"
ಹದಿನಾಲ್ಕು ಮಿಷನ್ನು ಒಟ್ಟಿಗೇ ನಿಂತವು.
ಅಷ್ಟು ಸದ್ದಿಲ್ಲದ್ದನ್ನು ನಾನು ಕೇಳಿದ್ದು
ಲಾಕ್‌ಡೌನ್ ಬಿಟ್ಟರೆ ಅವತ್ತೇ.

ಎಸ್ತೇರಮ್ಮ ಉಸ್ಸಂತ ಸ್ಟೂಲಿನ ಮೇಲೆ ಕುಂತಳು.
ಬೆಳಗಿನಿಂದ ಮಿಲ್ಲರ್‌ಪೇಟೆ, ಬಂಡಿಹಟ್ಟಿ,
ಹೋದಲ್ಲೆಲ್ಲ ಇದೇ ಪ್ರಶ್ನೆಗೆ ಉತ್ತರ ಹೇಳಿ
ಗಂಟಲು ಒಣಗಿತ್ತು.
ನೀರು ಕುಡಿದು, ಟೇಬಲ್ಲಿನಿಂದ ಎರಡು ಪ್ಯಾಂಟು ಎತ್ತಿದಳು,
ಒಂದು ಕಡುನೀಲಿ, ಒಂದು ಹೆಚ್ಚುಕಮ್ಮಿ ಬಿಳಿ.
"ಇವೆರಡೂ ಒಂದೇ ಥಾನಿನವು ಅಂತ
ನಿಮಗೆ ಹೆಂಗ್ ಗೊತ್ತಾಗ್ತದೆ?"

ನಕ್ಕೆವು. ಇದೂ ಒಂದು ಕೇಳೋ ಮಾತಾ?
ವಾಶಿಂಗಿಗೆ ಹೋಗಿ ಬಂದದ್ದು ಹೆತ್ತ ತಾಯಿಗೂ ಗುರುತು ಸಿಗದು.
ಕಲ್ಲು ಹಾಕಿ ತಿರುವುತ್ತಾರೆ, ಪೌಡರ್ ಹೊಡೆಯುತ್ತಾರೆ,
ಮೊಣಕಾಲಿಗೆ ಬೇಕಂತಲೇ ಹರಕು ಮಾಡುತ್ತಾರೆ.
ಕಣ್ಣು ಮೋಸ ಹೋಗುತ್ತದೆ. ಬೆರಳು ಹೋಗುವುದಿಲ್ಲ.
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದರೆ
ನೇಯ್ಗೆಯ ಓರೆ ಗೆರೆ ತಾನೇ ಬಾಯಿ ಬಿಡುತ್ತದೆ.

"ಆ ರೋಗಾನೂ ಅಷ್ಟೇ, ವಾಶಿಂಗಿಗೆ ಹೋಗಿ ಹೋಗಿ ಬರ್ತಾ ಐತೆ.
ಮೊದಲಿಂದು ನಿಮ್ಮ ಮೈಗೆ ಕಣ್ಣು ಕೊಟ್ಟಿತ್ತು,
ಇದು ಬೆರಳು ಕೊಡ್ತದೆ ಅನ್ಕೊಳ್ಳಿ.
ಪೂರಾ ತಡೀತದೆ ಅಂತ ನಾನು ಆಣೆ ಮಾಡಲ್ಲ."

ಯಾರೂ ಮಾತಾಡಲಿಲ್ಲ.
ವಾಶಿಂಗ್ ಅಂದಳಲ್ಲ, ಅದಕ್ಕೆ.

ನನ್ನ ತಮ್ಮ ಎರ್ರಿಸ್ವಾಮಿ ಅಲ್ಲಿದ್ದ.
ಉಣ್ಣುವಾಗಲೂ ಉಗುರು ನೀಲಿ.
ಒಂದು ಸೂಜಿ ಆಗಿತ್ತು, ಇನ್ನೊಂದಕ್ಕೆ
ಎಂಬತ್ನಾಲ್ಕು ದಿನ ಕಾಯಿರಿ ಅಂದಿದ್ದರು.
ಸಂಜೆ ಬಂಡಲ್ ಒಯ್ಯಲು ಬಂದಾಗ, ನನ್ನ ಮಿಷನ್ನಿನ ಹಿಂದಿನ ಗೋಡೆಗೆ
ಟೈಲರ್ ಚಾಕಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದ.
ನಲವತ್ತೊಂದು ಇವೆ.
ಸುಣ್ಣ ಬಳಿಯುವವರು ಬಂದಾಗಲೂ
ಮಾಸ್ಟರ್ ಹೊನ್ನೂರಸಾಬರು ಅಷ್ಟು ಜಾಗ ಬಿಡಿಸಿದರು.

ಮೊದಲು ತೋಳು ಮಡಿಸಿದವಳು ನಾನೇ.
ಧೈರ್ಯ ಅಂತಲ್ಲ. ಇಪ್ಪತ್ತೆರಡು ವರ್ಷದಿಂದ ನೋಡಿದ್ದೀನಿ,
ಮೇಲೆ ಕಿತ್ತಳೆ ಬಣ್ಣದ ದಪ್ಪ ದಾರ,
ಕೆಳಗೆ ಬಾಬಿನ್ನಿನಲ್ಲಿ ಸಣ್ಣದು,
ಬಣ್ಣ ಬೇರೆ, ಗಿರಣಿ ಬೇರೆ, ಬಂದ ಊರೂ ಬೇರೆ.
ಎರಡೂ ದಪ್ಪ ಹಾಕಿದ ದಿನ ಗಂಟು ಬಿದ್ದು ಸೂಜಿ ಮುರಿದಿದೆ.
ಒಂದು ಮೇಲಿಂದ ಇಳಿದು, ಒಂದು ಕೆಳಗಿಂದ ಎದ್ದು,
ಬಟ್ಟೆಯ ಒಳಗೆ, ಯಾರಿಗೂ ಕಾಣದ ಕಡೆ
ಕೊಕ್ಕೆ ಹಾಕಿಕೊಂಡರೇ ಹೊಲಿಗೆ.

ರಾತ್ರಿ ಜ್ವರ. ಬೆಳಿಗ್ಗೆ ಇಳಿದಿತ್ತು.
ಚಾಕು ಹಿಡಿದು ಗೋಡೆಯ ಮುಂದೆ ನಿಂತೆ,
ನಲವತ್ತೆರಡನೆಯದು ಎಳೆಯೋಣ ಅಂತ.
ತೋಳು ಮೇಲೇಳಲಿಲ್ಲ.

ಬಾಬಿನ್ ಖಾಲಿಯಾಗಿತ್ತು, ತುಂಬಿಕೊಂಡೆ.
ನೂರಾ ನಲವತ್ತು ಪೀಸು ಬಾಕಿ.